ಕೇದಾರದ ದಾರಿಯಲ್ಲಿ ಕಂಡುದು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ದೆಹಲಿಯಲ್ಲಿ ನೆಲಸಿದ ನಮಗೆ ಹಿಮಾಲಯವು ತೌರೂರಿಗಿಂತ ಹತ್ತಿರ. ಆದರೂ ಕೇದಾರಕ್ಕೆ ಹೋಗುವ ಮಾತು ಬಂದಾಗ ಮನೆಯಲ್ಲಿ ಎರಡು ಅಭಿಪ್ರಾಯಗಳಾದುವು. ಸಾವಿರಾರು ಜನ ಮಡಿದ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯುವುದೇ ಎಂಬುದು ಒಂದು. ಅದನ್ನು ಮಕ್ಕಳು ಕಾಣಲೇಬೇಕೆಂಬುದು ಇನ್ನೊಂದು. ಕಡೆಗೆ ಅಜ್ಜಿಯ ಹಂಬಲವೇ ಗೆದ್ದಿತು. ಮಳೆಗಾಲ ಕಳೆದ ಮೇಲೆ ಐವರೂ ಹೊರಟೆವು.

ರುದ್ರಪ್ರಯಾಗದಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ದಂಡೆ ಹಿಡಿದೆವು. ಗೌರೀಕುಂಡದಿಂದ ಮುಂದೆ ನಾವು ಕಾಲುನಡಿಗೆ, ಅಜ್ಜಿಗೆ ಡೋಲಿ. ಈ ದಾರಿಯಲ್ಲಿ ಹಿಂದೆ ರಾಮ್‌ಬಾಡಾ ಎಂಬ ತಂಗುದಾಣವಿತ್ತು. 2013ರ ಜೂನ್ ತಿಂಗಳಲ್ಲಿ ಅದು ಪೂರ್ತಿಯಾಗಿ ಕೊಚ್ಚಿಹೋಯಿತು. ಈಗ ದಾರಿಯು ಅಲ್ಲಿ ಹೊಳೆಯನ್ನು ದಾಟಿ ಎದುರು ದಂಡೆಯನ್ನು ಏರುತ್ತದೆ. ಡೋಲಿ ಹೊತ್ತವರಲ್ಲಿ ಒಬ್ಬಾತ ಬರಿಯ ಕಲ್ಲುರಾಶಿಯ ಕಡೆ ಕೈ ತೋರಿ, ತಮ್ಮಣ್ಣನ ಚಹದಂಗಡಿ ಅಲ್ಲಿತ್ತೆಂದ. ಅಣ್ಣನೆಲ್ಲಿ ಎಂದು ನಾವು ಕೇಳಲಿಲ್ಲ.

ಕೇದಾರವು ಸುಮಾರು 11,700 ಅಡಿ ಎತ್ತರದಲ್ಲಿದೆ. ಅಲ್ಲಿಯ ರಾವಲರು ಕನ್ನಡನಾಡಿನ ನಂಟುಳ್ಳ ವೀರಶೈವ ಜಂಗಮ ಪರಂಪರೆಯವರೆಂಬುದು ತಮಗೆ ತಿಳಿದೇ ಇದೆ. ಚಳಿಗಾಲದಲ್ಲಿ ಗುಡಿ ಮುಚ್ಚಿದಾಗ ಉತ್ಸವಮೂರ್ತಿಯು ಊಖೀಮಠಕ್ಕೆ ಇಳಿದು ಬರುತ್ತದೆ. ಅಷ್ಟು ದೂರದಲ್ಲಿ, ಅಷ್ಟು ಚಳಿಯಲ್ಲಿ, ಅರ್ಚಕರೊಬ್ಬರು ಅಜ್ಜಿಯನ್ನು "ಯಾವೂರಾಯ್ತು ತಾಯಿ?" ಎಂದು ಕೇಳಿದಾಗ ಆಕೆಯ ಕಣ್ಣಲ್ಲಿ ನೀರು ಬಂತು.

ಗುಡಿಯ ಹಿಂದೆ ಒಂದು ಭಾರಿ ಬಂಡೆ ಇದೆ. ಭೀಮಶಿಲೆಯೆಂದು ಅದನ್ನು ಪೂಜಿಸುತ್ತಾರೆ. ಪ್ರವಾಹದಲ್ಲಿ ಉರುಳಿಬಂದ ಆ ಬಂಡೆಯು ಅಲ್ಲಿ ನಿಂತು, ನೀರನ್ನು ಎರಡು ಕವಲಾಗಿ ಒಡೆದು, ಗುಡಿಯನ್ನು ಉಳಿಸಿತು. ಅಜ್ಜಿ ಕೈಮುಗಿದರು. ಹತ್ತು ವರ್ಷದ ನಮ್ಮ ಹುಡುಗ ಕೇಳಿದ: "ಅಜ್ಜಿ, ದೇವರು ಗುಡಿಗೆ ಬಂಡೆ ಅಡ್ಡ ಇಟ್ಟನಲ್ಲ, ಜನಕ್ಕೆ ಯಾಕೆ ಇಡಲಿಲ್ಲ?"

"ನಾನೂ ಅದನ್ನೇ ಕೇಳಿಕೊಂಡೆ, ಮಗು" ಎಂದರು ಅಜ್ಜಿ.

ಆ ಪ್ರಶ್ನೆಗೆ ಪೂರ್ತಿ ಉತ್ತರ ನಮ್ಮಲ್ಲಿಲ್ಲ. ತಿಳಿದಷ್ಟನ್ನು ಹುಡುಗನಿಗೆ ಹೇಳಿದೆವು. ಆ ವರ್ಷ ಮುಂಗಾರು ಬೇಗನೆ ಬಂದಿತು; ಹಿಮ ಇನ್ನೂ ಕರಗುತ್ತಿತ್ತು. ಗುಡಿಯ ಮೇಲುಗಡೆ ಚೋರಾಬಾರಿ ಎಂಬ ಸರೋವರವಿತ್ತು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಅಲ್ಲಿ ವಿಸರ್ಜಿಸಿದುದರಿಂದ ಅದಕ್ಕೆ ಗಾಂಧೀ ಸರೋವರವೆಂದೂ ಹೆಸರು. ಹಿಮನದಿಯು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬವೇ ಅದರ ಕಟ್ಟೆ. ಜೂನ್ 17ರ ಬೆಳಗ್ಗೆ ಆ ಕಟ್ಟೆ ಒಡೆಯಿತು. ದಪ್ಪ ಕಲ್ಲಿನ ಗೋಡೆಗಳ ಗುಡಿಯೇನೋ ತಡೆದುಕೊಂಡಿತು. ಸುತ್ತಲಿನ ಛತ್ರ, ಅಂಗಡಿಗಳು ಹೊಳೆಯ ಅಂಚಿನವರೆಗೆ ಬೆಳೆದಿದ್ದುವು. ಹೊಳೆ ತನ್ನ ಹಳೆಯ ಪಾತ್ರವನ್ನು ಮತ್ತೆ ಹಿಡಿಯಿತು. ಉತ್ತರಾಖಂಡದಲ್ಲಿ 5,000ಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೆ ಕಾಣೆಯಾದರು.

ಇದು ದೂರದ ಬೆಟ್ಟದ ಕಥೆಯಷ್ಟೇ ಅಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳೇ ಕುಸಿದು ಮನೆ, ತೋಟಗಳನ್ನು ನುಂಗಿದುವು. ನಮ್ಮಲ್ಲಿ ಕೆಲವರು ನಿವೃತ್ತಿಯ ನಂತರ ಮಲೆನಾಡಿನಲ್ಲಿ ಮನೆ ಕಟ್ಟುವ ಕನಸು ಕಾಣುತ್ತಿದ್ದೇವೆ. ಜಾಗ ನೋಡಲು ಹೋದಾಗ ಅಲ್ಲಿ ಹಿಂದೆ ನೀರು ಎತ್ತ ಹರಿಯುತ್ತಿತ್ತೆಂದು ಊರ ಹಿರಿಯರನ್ನು ಕೇಳೋಣ. ಕೇಳಿದ ಮೇಲೆ ಆ ಮಾತಿಗೆ ಬೆಲೆ ಕೊಡೋಣ.

ಯಾತ್ರೆಗೆ ಹೋಗುವವರು ಅವಶ್ಯವಾಗಿ ಹೋಗಿಬನ್ನಿ; ಆ ಕಣಿವೆಯ ಜನರ ಅನ್ನ ಯಾತ್ರಿಕರಿಂದಲೇ ಬರಬೇಕು. ಮಳೆಗಾಲವನ್ನು ಬಿಟ್ಟು ಹೋಗಿ. ಮಕ್ಕಳನ್ನೂ ಕರೆದೊಯ್ಯಿರಿ. ಅವರು ಪ್ರಶ್ನೆ ಕೇಳಿದರೆ ಸುಮ್ಮನಿರಿಸಬೇಡಿ. ಗುಡಿಯ ಮುಂದೆ ನಿಂತಾಗ, ಮನೆಗೆ ಮರಳದವರನ್ನೂ ಒಮ್ಮೆ ನೆನೆಯಿರಿ ಎಂದು ಬೇಡಿ, ನಮ್ಮ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.