ಎರಡು ಗ್ರಂಥಿಗಳು, ಒಂದು ಜೀನ್



ತೆರೆಯ ಮೇಲೆ ತೋರಿಸಿದ ಚಿತ್ರವನ್ನು ನೆನಪಿಸಿಕೊಳ್ಳಿ. ಗಂಟಲಮಣಿಯ ಕೆಳಗೆ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ. ಹೊಟ್ಟೆಯೊಳಗೆ ಪ್ರತಿ ಮೂತ್ರಪಿಂಡದ ಮೇಲೊಂದು ಅಡ್ರಿನಲ್ ಗ್ರಂಥಿ. ಇಷ್ಟು ದೂರದ ಈ ಗ್ರಂಥಿಗಳಲ್ಲಿ ಒಬ್ಬನೇ ವ್ಯಕ್ತಿಗೆ ಗೆಡ್ಡೆಗಳು ಬೆಳೆದರೆ, ಅದು ಆಕಸ್ಮಿಕವೇ?

1961ರಲ್ಲಿ ಅಮೆರಿಕದ ವೈದ್ಯ ಜಾನ್ ಸಿಪಲ್ ಇದನ್ನು ಪರಿಶೀಲಿಸಿದರು. ಮಿದುಳಿನ ರಕ್ತಸ್ರಾವದಿಂದ ಸತ್ತ ರೋಗಿಯೊಬ್ಬನ ಶವಪರೀಕ್ಷೆಯಲ್ಲಿ ಎರಡೂ ಅಡ್ರಿನಲ್‌ಗಳಲ್ಲಿ ಗೆಡ್ಡೆ, ಥೈರಾಯ್ಡಿನಲ್ಲಿ ಕ್ಯಾನ್ಸರ್ ಕಂಡಿದ್ದವು. ಹಳೆಯ ವರದಿಗಳನ್ನು ಹುಡುಕಿದಾಗ ಇಂಥ ಜೋಡಿ ಮತ್ತೆ ಮತ್ತೆ ಸಿಕ್ಕಿತು. ಇದು ಆಕಸ್ಮಿಕವಾಗಿರಲಿಲ್ಲ.

ಇದು ಮೆಡ್ಯುಲರಿ ಎಂಬ ವಿರಳ ಬಗೆಯ ಥೈರಾಯ್ಡ್ ಕ್ಯಾನ್ಸರ್. ಸಾಮಾನ್ಯ ಥೈರಾಯ್ಡ್ ಜೀವಕೋಶಗಳು ಅಯೋಡಿನ್ನನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಅವುಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕೊಡಬಹುದು. ಮೆಡ್ಯುಲರಿ ಕ್ಯಾನ್ಸರ್ ಹುಟ್ಟುವುದು ಕ್ಯಾಲ್ಸಿಟೋನಿನ್ ತಯಾರಿಸುವ 'ಸಿ' ಕೋಶಗಳಲ್ಲಿ. ಇವು ಅಯೋಡಿನ್ ಹೀರುವುದಿಲ್ಲ, ಆ ಚಿಕಿತ್ಸೆಗೆ ಬಗ್ಗುವುದೂ ಇಲ್ಲ. ಹರಡುವ ಮುನ್ನ ಶಸ್ತ್ರಚಿಕಿತ್ಸೆ ಮಾಡುವುದೇ ಮುಖ್ಯ ದಾರಿ. ರಕ್ತದಲ್ಲಿ ಏರುವ ಕ್ಯಾಲ್ಸಿಟೋನಿನ್ ರೋಗದ ಸುಳಿವು ಕೊಡುತ್ತದೆ. ಆದರೆ ಆ ವೇಳೆಗೆ ಕ್ಯಾನ್ಸರ್ ಆಗಲೇ ಶುರುವಾಗಿರಬಹುದು.

1993ರಲ್ಲಿ ಮೂಲ ಕಾರಣ ಪತ್ತೆಯಾಯಿತು: 10ನೇ ವರ್ಣತಂತುವಿನಲ್ಲಿರುವ 'ರೆಟ್' ಎಂಬ ಜೀನ್. ಗುಂಡಿ ಒತ್ತಿದಾಗ ಮಾತ್ರ ಬಾರಿಸಬೇಕಾದ ಕರೆಗಂಟೆ ಸಿಕ್ಕಿಹಾಕಿಕೊಂಡು ಬಾರಿಸುತ್ತಲೇ ಇದ್ದಂತೆ, ಕೆಟ್ಟ ರೆಟ್ ಜೀನ್ ಕೋಶಗಳಿಗೆ 'ಬೆಳೆಯಿರಿ' ಎನ್ನುತ್ತಲೇ ಇರುತ್ತದೆ. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇಕಡಾ 50.

ಅಂಥ ಮನೆಯಲ್ಲಿ ಅಕ್ಕ, ತಮ್ಮ ಇದ್ದಾರೆಂದುಕೊಳ್ಳಿ. ಇಬ್ಬರಿಗೂ ರಕ್ತಪರೀಕ್ಷೆಯಾಯಿತು. ಅಕ್ಕನಿಗೆ ದೋಷವಿಲ್ಲ, ಅವಳು ಈ ಚಿಂತೆಯಿಂದ ಪಾರಾದಳು. ತಮ್ಮನಿಗೆ ಇದೆ. ಆಟವಾಡಿಕೊಂಡಿರುವ ಹುಡುಗನ ಥೈರಾಯ್ಡನ್ನು ರೋಗ ಬರುವ ಮೊದಲೇ ತೆಗೆಸಬೇಕು. ತಂದೆತಾಯಿಗೆ ಇದು ಸುಲಭದ ನಿರ್ಧಾರವೇ? ಆದರೂ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆಯೊಂದಿಗೆ ಅವನು ಎಲ್ಲರಂತೆ ಬೆಳೆಯಬಲ್ಲ. ಅಡ್ರಿನಲ್ ಮೇಲೆ ಮಾತ್ರ ಮುಂದೆಯೂ ಕಣ್ಣಿಟ್ಟಿರಬೇಕು. ಎರಡೂ ಕಡೆ ಗೆಡ್ಡೆಯಿದ್ದರೆ ಅಡ್ರಿನಲ್ಲಿನದನ್ನೇ ಮೊದಲು ತೆಗೆಯುತ್ತಾರೆ. ಇಲ್ಲವಾದರೆ ಶಸ್ತ್ರಚಿಕಿತ್ಸೆಯ ನಡುವೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು.

ಹರಡಿದ ಕ್ಯಾನ್ಸರಿಗೂ ಈಗ ದಾರಿಯುಂಟು. ರೆಟ್ಟನ್ನೇ ತಡೆಯುವ ಸೆಲ್ಪರ್‌ಕ್ಯಾಟಿನಿಬ್ ಔಷಧಕ್ಕೆ 2020ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು.

ಕುತ್ತಿಗೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಆದರೆ ನಮ್ಮ ಮನೆಗಳಲ್ಲಿ ಕ್ಯಾನ್ಸರಿನ ಹೆಸರೆತ್ತಲು ಹಿರಿಯರು ಹಿಂಜರಿಯುತ್ತಾರೆ. ಅಜ್ಜನಿಗೆ, ಅತ್ತೆಗೆ ಏನಾಗಿತ್ತೆಂದು ಕೇಳಿ ತಿಳಿದುಕೊಳ್ಳಿ, ವೈದ್ಯರಿಗೆ ಹೇಳಿ. ಮುಚ್ಚಿಟ್ಟ ಒಂದು ಮಾತಿನಿಂದ ಮಗುವೊಂದರ ಸಕಾಲದ ಚಿಕಿತ್ಸೆ ತಪ್ಪಬಾರದು.