ಸಹಿ ನಿಮ್ಮದೇ ಇರಲಿ



ನಿವೃತ್ತಿಯ ಬಳಿಕ ಮಕ್ಕಳೊಡನೆ ವಿದೇಶದಲ್ಲಿ ನೆಲೆಸಲು ಹೊರಟಾಗ ಔಷಧಿ, ಉಪ್ಪಿನಕಾಯಿಗಳನ್ನು ನೆನಪಿಟ್ಟು ಕಟ್ಟಿಕೊಳ್ಳುತ್ತೇವೆ. ಬ್ಯಾಂಕ್ ಖಾತೆಯನ್ನು ಮರೆಯುತ್ತೇವೆ. ಅನಿವಾಸಿಯಾದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಪರಿವರ್ತಿಸಲೇಬೇಕು. ಅದರ ಬಡ್ಡಿಯಿಂದ ಸಾಮಾನ್ಯವಾಗಿ ಶೇ. 30ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಹೆಚ್ಚಾಗಿ ಕಡಿತವಾದುದನ್ನು ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಒಪ್ಪಿಸಬೇಕು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲೂ ಅದನ್ನು ಮಾಡಿಸಬಹುದು.

ಹೊಸ ಕನ್ನಡಕಕ್ಕಾಗಿ ಮಗನನ್ನು ಕೇಳಲು ತಿಂಗಳುಗಟ್ಟಲೆ ಸಂಕೋಚಪಟ್ಟ ಹಿರಿಯರೊಬ್ಬರನ್ನು ನಾನು ಬಲ್ಲೆ. ಆ ಪ್ರಮಾಣಪತ್ರವಿಲ್ಲದೆ ಅವರ ಪಿಂಚಣಿ ಇಲ್ಲಿ ನಿಂತುಹೋಗಿತ್ತು. ಮಗ ಕೆಟ್ಟವನಲ್ಲ, ಅವನಿಗೆ ವಿಷಯವೇ ತಿಳಿದಿರಲಿಲ್ಲ.

ಆದ್ದರಿಂದ ನನ್ನ ವಿನಂತಿಯಿಷ್ಟೆ: ಮಕ್ಕಳಿಗೆ ಲೆಕ್ಕವನ್ನೆಲ್ಲ ತಿಳಿಸಿರಿ, ನಾಮಿನಿಯ ಹೆಸರು ಬರೆಸಿರಿ, ಆದರೆ ಕೈಕಾಲು ಗಟ್ಟಿಯಿರುವವರೆಗೆ ಸಹಿ ಮಾತ್ರ ನಿಮ್ಮದೇ ಇರಲಿ.