ಗಾಳದ ಕೋಲಿನ ತುದಿ ಮುರಿದರೆ

(ಗ್ರಾಮಸೇವಕರು ಊರಿನ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತು ಬಿಟ್ಟು ಇವತ್ತು ಗಾಳದ ಕೋಲಿನ ವಿಷಯ ಹೇಳುತ್ತೇನೆಂದಾಗ ಕೆಲವರು ನಕ್ಕಿರಿ. ಆದರೆ ನಾಟಿ ಮುಗಿದು ಕೂಲಿ ಇಲ್ಲದ ದಿನಗಳಲ್ಲಿ ಎಷ್ಟೋ ಮನೆಗಳ ಸಾರಿಗೆ ಮೀನು ಬರುವುದು ಈ ಕೋಲಿನಿಂದಲೇ. ತುದಿ ಮುರಿದ ಮೋಟು ಕೋಲಿಗೆ ಒಳ್ಳೆಯ ಕೊರವ ಮೀನು ಬಿತ್ತೆನ್ನಿ. ದಾರ ಪಟ್ಟನೆ ಹರಿಯುತ್ತದೆ. ಮೀನೂ ಹೋಯಿತು, ಗಾಳವೂ ಹೋಯಿತು.

ಕೋಲಿನ ತುದಿ ಇರುವುದು ಚಂದಕ್ಕಲ್ಲ. ಮೀನು ಜಗ್ಗಿದಾಗ ಬಾಗಿ, ಆ ಜಗ್ಗನ್ನು ತಾನು ತೆಗೆದುಕೊಂಡು ದಾರವನ್ನು ಉಳಿಸುವುದು ಅದೇ. ಆದ್ದರಿಂದ ದುರಸ್ತಿಯಾದ ಮೇಲೂ ತುದಿ ಬಾಗಬೇಕು. ಮೊಳೆ ಹೊಡೆಯುವುದು, ಕಬ್ಬಿಣದ ತಂತಿ ಬಿಗಿಯುವುದು ನಮ್ಮಲ್ಲಿ ರೂಢಿ. ಮೊಳೆಯಿಂದ ಬಿದಿರು ಸೀಳುತ್ತದೆ. ತಂತಿ ಬಿಗಿದ ಕಡೆ ಬಾಗದೆ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಮೊದಲು ಮುರಿದ ಜಾಗ ನೋಡಿ. ತುದಿಯಿಂದ ಒಂದು ಗೇಣಿನ ಒಳಗಾದರೆ ಸಿಬಿರೆದ್ದ ಭಾಗವನ್ನು ಕತ್ತರಿಸಿ, ಗಿಣ್ಣಿನ ಹಿಂದೆ ದಾರ ಕಟ್ಟಿದರೆ ಸಾಕು. ಗಿಣ್ಣು ದಾರವನ್ನು ಜಾರಗೊಡುವುದಿಲ್ಲ. ಕೋಲು ತುಸು ಬಿರುಸಾಗುತ್ತದೆ, ಅಷ್ಟೇ. ಸಿಬಿರನ್ನು ಮಾತ್ರ ಹಾಗೇ ಬಿಡಬೇಡಿ. ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರೆ, ಕಣ್ಣಿನ ಮಾತು.

ಅದಕ್ಕಿಂತ ಕೆಳಗೆ ಮುರಿದಿದ್ದರೆ ಹೊಸ ತುದಿ ಕೂಡಿಸಬೇಕು. ಮಾವಿಗೆ ಕಸಿ ಕಟ್ಟಿದವರಿಗೆ ಈ ಕೆಲಸ ಹೊಸದಲ್ಲ. ಒಳಗೆ ಟೊಳ್ಳಿಲ್ಲದ, ನೆರಳಿನಲ್ಲಿ ಚೆನ್ನಾಗಿ ಒಣಗಿದ ಬಿದಿರಿನ ಕಡ್ಡಿ ಬೇಕು. ಹಸಿ ಕಡ್ಡಿ ಒಣಗಿದಂತೆ ಕುಗ್ಗಿ ಕಟ್ಟು ಸಡಿಲವಾಗುತ್ತದೆ. ಕೋಲನ್ನೂ ಕಡ್ಡಿಯನ್ನೂ ಒಂದೇ ಓರೆಯಲ್ಲಿ ಕೊಯ್ಯಿರಿ. ಓರೆಯ ಉದ್ದ ಕಡ್ಡಿಯ ದಪ್ಪದ 10ರಷ್ಟಿರಲಿ. ಪೆನ್ಸಿಲ್ ದಪ್ಪದ ಕಡ್ಡಿಗೆ ಸುಮಾರು 3 ಅಂಗುಲ. ಓರೆ ಗಿಡ್ಡವಾದರೆ ಕೂಡು ನಿಲ್ಲುವುದಿಲ್ಲ. ಎರಡು ಮುಖಗಳನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಾಣದಂತೆ ಉಜ್ಜಿ ಕೂಡಿಸಿ. ಹೊರಗಿನ ಸಿಪ್ಪೆಯನ್ನು ಹೆರೆಯಬೇಡಿ. ಬಿದಿರಿನ ಗಟ್ಟಿ ನಾರು ಇರುವುದು ಅಲ್ಲಿಯೇ.

ಕಸಿಯ ಗಾಯ ತಾನೇ ಬೆಸೆದುಕೊಳ್ಳುತ್ತದೆ. ಒಣ ಬಿದಿರು ಬೆಸೆಯದು, ಅಂಟು ಮತ್ತು ದಾರವೇ ಗತಿ. ಎರಡು ಕೊಳವೆಯಲ್ಲಿ ಬರುವ ಅಂಟನ್ನು ಅದರ ಮೇಲೆ ಬರೆದ ಪ್ರಮಾಣದಲ್ಲಿ ಕಲಸಿ, ಎರಡು ಮುಖಕ್ಕೂ ತೆಳುವಾಗಿ ಹಚ್ಚಿ, ದಾರದಿಂದ ಬಿಗಿಯಿರಿ. ಹೊಲಿಗೆಯ ಗಟ್ಟಿ ದಾರಕ್ಕೆ ಜೇನುಮೇಣ ಉಜ್ಜಿಕೊಂಡರೆ ಜಾರುವುದಿಲ್ಲ. ಸುತ್ತುಗಳು ಒಂದಕ್ಕೊಂದು ತಾಗಿರಲಿ, ಒಂದರ ಮೇಲೊಂದು ಏರಬಾರದು. ಗಂಟು ಹಾಕಬೇಡಿ. ಇನ್ನು ಹತ್ತು ಸುತ್ತು ಉಳಿದಿರುವಾಗ ಬೇರೊಂದು ದಾರವನ್ನು ಮಡಚಿ, ಅದರ ಕುಣಿಕೆ ಮುಂದಕ್ಕೆ ಬರುವಂತೆ ಕೋಲಿನ ಮೇಲಿಟ್ಟು, ಅದರ ಮೇಲೆಯೇ ಸುತ್ತಿ. ಕೊನೆಯ ಎಳೆಯನ್ನು ಆ ಕುಣಿಕೆಗೆ ತೂರಿಸಿ, ಮಡಚಿದ ದಾರವನ್ನು ಹಿಂದಕ್ಕೆ ಎಳೆದರೆ ಎಳೆಯ ತುದಿ ಸುತ್ತುಗಳ ಅಡಿಗೆ ಹೋಗಿ ಬಿಗಿಯುತ್ತದೆ. ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟು, ಮೇಲೆ ಎರಡು ಸಲ ವಾರ್ನಿಷ್ ಬಳಿಯಿರಿ.

ಮುರಿದ ಕಡೆ ಕೋಲು ಟೊಳ್ಳಾಗಿದ್ದರೆ ಓರೆ ಕೂಡು ಆಗದು. ಕಡ್ಡಿಯ ಬುಡಕ್ಕೆ ಅಂಟು ಹಚ್ಚಿ 2 ಅಂಗುಲ ಒಳಗೆ ತೂರಿಸಿ, ಕೋಲಿನ ಬಾಯಿ ಸೀಳದಂತೆ ಹೊರಗೆ ದಾರ ಸುತ್ತಿ.

ಆಮೇಲೆ ತುದಿಗೆ ಕಾಲು ಕಿಲೋ ಕಲ್ಲು ತೂಗುಹಾಕಿ ನೋಡಿ. ಕೋಲು ಬಿಲ್ಲಿನಂತೆ ಬಾಗಬೇಕು, ಮೊಣಕೈಯಂತೆ ಅಲ್ಲ. ಕೋಲು ಎತ್ತುವ ಮುಂಚೆ ತಲೆಯ ಮೇಲೆ ಪಂಪ್‌ಸೆಟ್ಟಿನ ತಂತಿ ಇದೆಯೇ ನೋಡಿಕೊಳ್ಳಿ. ಒದ್ದೆ ಬಿದಿರಿನಲ್ಲಿ ವಿದ್ಯುತ್ ಹರಿಯುತ್ತದೆ. ಪೇಟೆಯ ಕಾರ್ಬನ್ ಕೋಲಿನಲ್ಲಿ ಒಣಗಿದ್ದರೂ ಹರಿಯುತ್ತದೆ. ತಂತಿಯ ಕೆಳಗೆ ಗಾಳ ಹಾಕಲೇಬೇಡಿ.

ಪೇಟೆಯ ಕೋಲುಗಳಲ್ಲಿ ಹೆಚ್ಚಾಗಿ ಕೆಡುವುದು ತುದಿಯ ಉಂಗುರ. ಅದರೊಳಗೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಉಂಗುರ ಬಿರುಕುಬಿಟ್ಟಿದೆ, ದಾರವನ್ನು ಕೊಯ್ಯುತ್ತದೆ, ಬದಲಿಸಿ. ಉಂಗುರ ಬಿಡಿಸಲು ಅದನ್ನು ಮಾತ್ರ ಬಿಸಿ ಮಾಡಿ, ಕೋಲನ್ನು ಬೆಂಕಿಗೆ ಹಿಡಿಯಬೇಡಿ. ಮುರಿದ ತುದಿಯನ್ನು ಉಜ್ಜುವಾಗ ನೀರು ಹಾಕಿ ಉಜ್ಜಿ. ಆ ಪುಡಿ ಉಸಿರಿಗೆ ಹೋಗಬಾರದು.

ನಾನು ಕಂಡಂತೆ ಮೀನಿನಿಂದ ಮುರಿಯುವ ಕೋಲು ಕಡಿಮೆ. ಬಾಗಿಲಿಗೆ ಸಿಕ್ಕಿ, ಸೈಕಲ್ಲಿಗೆ ಕಟ್ಟಿ, ನೀರೊಳಗಿನ ಬೇರಿಗೆ ಗಾಳ ಸಿಕ್ಕಾಗ ಕೋಲೆತ್ತಿ ಜಗ್ಗಿ ಮುರಿಯುವುದೇ ಹೆಚ್ಚು. ಬೇರಿಗೆ ಸಿಕ್ಕರೆ ಕೋಲನ್ನು ಕೆಳಗಿಟ್ಟು, ಕೈಗೆ ಬಟ್ಟೆ ಸುತ್ತಿಕೊಂಡು ದಾರವನ್ನೇ ನೇರವಾಗಿ ಎಳೆಯಿರಿ. ಮನೆಯಲ್ಲಿ ಕೋಲನ್ನು ಗೋಡೆಗೆ ಒರಗಿಸಬೇಡಿ, ಸೊಟ್ಟಗಾಗುತ್ತದೆ. ಅಜ್ಜಂದಿರು ಒಲೆಯ ಮೇಲಿನ ಅಟ್ಟದಲ್ಲಿ ಮಲಗಿಸಿಡುತ್ತಿದ್ದರು. ಹೊಗೆಗೆ ಹುಳು ಹತ್ತಿರ ಬಾರದು, ಅವರ ಲೆಕ್ಕ ಸರಿಯಾಗಿಯೇ ಇತ್ತು.

ಬರುವ ಸೋಮವಾರ ಸಂಜೆ ಮುರಿದ ಕೋಲು, ಹರಿತವಾದ ಚೂರಿ, ಒಂದು ಉಂಡೆ ದಾರ ತೆಗೆದುಕೊಂಡು ಪಂಚಾಯತಿ ಕಟ್ಟೆಗೆ ಬನ್ನಿ. ಅಂಟು, ವಾರ್ನಿಷ್ ನಾನು ತರುತ್ತೇನೆ.